ಆಲ್ಬರ್ಟಾದ ಚಳಿಯಲ್ಲಿ ಟ್ರಕ್ ಸ್ಟಾರ್ಟ್ ಮಾಡುವ ಮುನ್ನ

ಕೆನಡಾದ ಎಡ್ಮಂಟನ್‌ಗೋ ಕ್ಯಾಲ್ಗರಿಗೋ ಹೊಸದಾಗಿ ಬಂದವರಿಗೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಇಲ್ಲಿನ ಗಾಡಿಗಳ ಮುಂದಿನ ಗ್ರಿಲ್‌ನಿಂದ ಒಂದು ಕರೆಂಟ್ ಪ್ಲಗ್ ಹೊರಗೆ ಇಣುಕುತ್ತಿರುತ್ತದೆ. ಪೆಟ್ರೋಲ್ ಗಾಡಿಗೆ ಕರೆಂಟ್ ಯಾಕೆ ಅಂತ ಹೊಸಬರು ಕೇಳುತ್ತಾರೆ. ಅದು ಬ್ಲಾಕ್ ಹೀಟರ್‌ನ ವೈರ್. ಪಿಕಪ್ ಟ್ರಕ್ ಕೊಂಡವರು ಚಳಿಗಾಲಕ್ಕೆ ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ.

ಎಂಜಿನ್ ಬಿಸಿ ಮಾಡುವುದು ಅಂದರೆ ಸ್ಟಾರ್ಟ್ ಮಾಡಿ ಇಪ್ಪತ್ತು ನಿಮಿಷ ಹಾಗೇ ಬಿಡುವುದು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಊರಿನಿಂದ ಬಂದ ಅಭ್ಯಾಸ ಅದು. ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದ ಹಳೆಯ ಅಂಬಾಸಿಡರ್‌ಗೆ ಅದು ಬೇಕಿತ್ತು. ಲಾರಿಗಳನ್ನು ಬೆಳಗ್ಗೆ ಹೊರಡುವ ಮುಂಚೆ ಸ್ವಲ್ಪ ಹೊತ್ತು ಓಡಲು ಬಿಡುತ್ತಿದ್ದುದಕ್ಕೆ ಬ್ರೇಕಿಗೆ ಏರ್ ತುಂಬಬೇಕು ಅನ್ನುವ ಕಾರಣವೂ ಇತ್ತು. ಇವತ್ತಿನ ಪಿಕಪ್‌ಗಳಾದ ಎಫ್-150, ಸಿಲ್ವರಾಡೊ, ರ‍್ಯಾಮ್‌ಗಳಲ್ಲಿ ಕಾರ್ಬುರೇಟರ್ ಇಲ್ಲ. ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಾಗಾಗಿ ಎಂಜಿನ್‌ಗೆ ಬಿಸಿ ಬೇಕಿರುವುದು ಸ್ಟಾರ್ಟ್ ಆಗುವ ಮೊದಲು. ಆಮೇಲೆ ಮೆಲ್ಲಗೆ ಓಡಿಸಿದರೆ ಅದು ತಾನೇ ಬಿಸಿಯಾಗುತ್ತದೆ.

ಬ್ಲಾಕ್ ಹೀಟರ್ ಕೆಲಸ ಸರಳ. ಎಂಜಿನ್ ಒಳಗಿನ ಕೂಲೆಂಟನ್ನು ಅದು ಬಿಸಿ ಮಾಡುತ್ತದೆ, ಆ ಬಿಸಿ ಸುತ್ತಲಿನ ಲೋಹಕ್ಕೂ ಸ್ವಲ್ಪ ಮಟ್ಟಿಗೆ ಆಯಿಲ್‌ಗೂ ಹರಡುತ್ತದೆ. ಮೈನಸ್ 30ರಲ್ಲಿ ಎಂಜಿನ್ ಆಯಿಲ್ ತುಂಬಾ ಗಟ್ಟಿಯಾಗಿ, ಮೇಲಿನ ಭಾಗಗಳಿಗೆ ತಲುಪಲು ತಡ ಮಾಡುತ್ತದೆ. ಎಂಜಿನ್ ಸವೆಯುವುದು ಆ ಹೊತ್ತಿನಲ್ಲೇ ಜಾಸ್ತಿ. ಅದೇ ಸಮಯಕ್ಕೆ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಮೈನಸ್ 18ರ ಹೊತ್ತಿಗೇ ಬ್ಯಾಟರಿ ತನ್ನ ಬಲದಲ್ಲಿ ಸುಮಾರು ಅರ್ಧದಷ್ಟು ಕಳೆದುಕೊಂಡಿರುತ್ತದೆ. ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾದಾಗಲೇ ಬಲ ಕಡಿಮೆ. ಹೀಟರ್ ಹಾಕಿದ್ದರೆ ಈ ಎರಡೂ ಕಷ್ಟ ಹಗುರವಾಗುತ್ತವೆ, ಕ್ಯಾಬಿನ್‌ಗೆ ಬಿಸಿ ಗಾಳಿಯೂ ಬೇಗ ಬರುತ್ತದೆ.

ಮೈನಸ್ 15ಕ್ಕಿಂತ ಕೆಳಗೆ ಹೋದ ರಾತ್ರಿಗಳಲ್ಲಿ ನಾನು ತಪ್ಪದೆ ಪ್ಲಗ್ ಹಾಕುತ್ತೇನೆ. ರಾತ್ರಿಯಿಡೀ ಹಾಕಿಡುವ ಅಗತ್ಯ ಇಲ್ಲ. ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಸಾಕು, ದೊಡ್ಡ ಡೀಸೆಲ್ ಎಂಜಿನ್ ಆದರೆ ಮೂರು ನಾಲ್ಕು ಗಂಟೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊರಾಂಗಣದ ಟೈಮರ್ ಸಿಗುತ್ತದೆ. ಅದನ್ನು ಬೆಳಗಿನ ಜಾವ ನಾಲ್ಕಕ್ಕೆ ಆನ್ ಆಗುವಂತೆ ಇಟ್ಟರೆ ನೀವು ನಿಶ್ಚಿಂತೆಯಾಗಿ ಮಲಗಬಹುದು. ಎಕ್ಸ್‌ಟೆನ್ಶನ್ ವೈರ್ ಮಾತ್ರ ಅಗ್ಗದ್ದು ಬೇಡ. ಹೀಟರ್ 400 ವ್ಯಾಟ್‌ನಿಂದ 1000 ವ್ಯಾಟ್ ದಾಟಿಯೂ ಎಳೆಯುತ್ತದೆ. ಮೂರು ಪಿನ್ ಇರುವ, ದಪ್ಪನೆಯ, ಚಳಿಯಲ್ಲಿ ಸೆಟೆಯದ ಹೊರಾಂಗಣದ ವೈರೇ ಬೇಕು. ಮನೆಯೊಳಗೆ ಬಳಸುವ ತೆಳು ವೈರ್ ಬಿಸಿಯಾಗಿ ಬೆಂಕಿ ಹತ್ತುವ ಅಪಾಯ ಇದೆ.

ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಪಾರ್ಕಿಂಗ್ ಜಾಗಕ್ಕೆ ಪ್ಲಗ್ ಇದೆಯಾ ಅಂತ ಸಹಿ ಹಾಕುವ ಮೊದಲೇ ಕೇಳಿ. ಬೇಸಿಗೆಯಲ್ಲಿ ಮನೆ ನೋಡುವಾಗ ಇದು ನೆನಪಿಗೇ ಬರುವುದಿಲ್ಲ. ಕೆಲವು ಕಡೆ ಪಾರ್ಕಿಂಗ್ ಪ್ಲಗ್‌ನಲ್ಲಿ ಕರೆಂಟ್ ಸ್ವಲ್ಪ ಹೊತ್ತು ಬಂದು ಸ್ವಲ್ಪ ಹೊತ್ತು ಹೋಗುತ್ತಿರುತ್ತದೆ. ಕರೆಂಟ್ ಉಳಿಸಲು ಹಾಗೆ ಮಾಡಿರುತ್ತಾರೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಇನ್ನೊಂದು ಮಾತು. ವ್ಯಾಂಕೂವರ್ ಕಡೆಯಿಂದಲೋ ಅಮೆರಿಕದ ದಕ್ಷಿಣದಿಂದಲೋ ಬಂದ ಸೆಕೆಂಡ್ ಹ್ಯಾಂಡ್ ಟ್ರಕ್ ಆದರೆ ಬ್ಲಾಕ್ ಹೀಟರ್ ಇಲ್ಲದೆಯೂ ಇರಬಹುದು. ಹೀಟರ್ ಇದ್ದು ವೈರ್ ಮಾತ್ರ ಇಲ್ಲದ ಟ್ರಕ್‌ಗಳೂ ಇವೆ. ಅಕ್ಟೋಬರ್‌ನಲ್ಲೇ ಮೆಕ್ಯಾನಿಕ್‌ಗೆ ತೋರಿಸಿ ಹಾಕಿಸಿಕೊಳ್ಳಿ. ಮೊದಲ ದೊಡ್ಡ ಚಳಿ ಬಂದ ವಾರ ಅವರ ಬಳಿ ನಿಮಗೆ ಸಮಯ ಸಿಗುವುದಿಲ್ಲ.

ಹವಾಮಾನ ವರದಿ ನೋಡಿ ಗಾಬರಿಯಾಗುವವರಿಗೆ ಒಂದು ಸಮಾಧಾನ. "ಮೈನಸ್ 28, ವಿಂಡ್‌ಚಿಲ್ (ಗಾಳಿಯಿಂದಾಗಿ ಮೈಗೆ ಅನ್ನಿಸುವ ಚಳಿ) ಮೈನಸ್ 40" ಅಂತ ಇದ್ದರೆ ಟ್ರಕ್‌ಗೆ ಲೆಕ್ಕ ಮೈನಸ್ 28 ಮಾತ್ರ. ಗಾಳಿ ಬೀಸಿದರೆ ಎಂಜಿನ್ ಬೇಗ ತಣ್ಣಗಾಗುತ್ತದೆ, ಆದರೆ ಮೈನಸ್ 28ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಮೈನಸ್ 40 ನಿಮ್ಮ ಕಿವಿ, ಮೂಗು, ಬೆರಳಿಗೆ. ಅಲ್ಲಿ ಮಾತ್ರ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ಸ್ಟಾರ್ಟ್ ಮಾಡಿದ ಮೇಲೆ. ಸಾಧಾರಣ ಚಳಿಯಲ್ಲಿ ಅರ್ಧ ನಿಮಿಷ, ಮೈನಸ್ 25, 30ರಲ್ಲಿ ಎರಡು ಮೂರು ನಿಮಿಷ. ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವಷ್ಟರಲ್ಲಿ ಅದು ಆಗಿಹೋಗುತ್ತದೆ. ಗಾಜು ಪೂರ್ತಿ ಕಾಣುವವರೆಗೆ ಹೊರಡಬೇಡಿ, ಅದಕ್ಕೆ ಹೆಚ್ಚು ಹೊತ್ತು ಹಿಡಿದರೂ ಸರಿ. ಆದರೆ ಎಂಜಿನ್‌ಗೋಸ್ಕರ ಅಂತ ಸುಮ್ನೆ ಕಾಯಬೇಡಿ. ನಿಂತಲ್ಲೇ ಓಡುವ ಎಂಜಿನ್ ಬಹಳ ನಿಧಾನವಾಗಿ ಬಿಸಿಯಾಗುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ಹೋಗುವುದರಿಂದ, ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗೆ ಇಳಿದು ಆಯಿಲ್‌ನಲ್ಲೇ ಸೇರುತ್ತದೆ. ಮೂರು ಲೀಟರ್ ಎಂಜಿನ್ ಹತ್ತು ನಿಮಿಷ ನಿಂತು ಓಡಿದರೆ ಸುಮಾರು 300 ಮಿಲಿಲೀಟರ್ ಪೆಟ್ರೋಲ್ ಹೋಗುತ್ತದೆ. ದುಡ್ಡೂ ಹೋಯಿತು, ಎಂಜಿನ್‌ಗೂ ಒಳ್ಳೆಯದಾಗಲಿಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಎಂಜಿನ್ ಒಂದು ಬಿಸಿಯಾದರೆ ಸಾಲದು. ಗೇರ್‌ಬಾಕ್ಸ್, ಡಿಫರೆನ್ಶಿಯಲ್, ಚಕ್ರದ ಬೇರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲದರ ಆಯಿಲ್, ಗ್ರೀಸ್ ಗಟ್ಟಿಯಾಗಿರುತ್ತದೆ. ಅವು ಸಡಿಲವಾಗುವುದು ಗಾಡಿ ಉರುಳಿದಾಗ. ಮೊದಲ ಒಂದೆರಡು ಕಿಲೋಮೀಟರ್ ಟೈರ್ ಚೌಕಾಕಾರ ಆದಂತೆ ದಡಬಡ ಅನ್ನುತ್ತದೆ. ರಾತ್ರಿಯಿಡೀ ನಿಂತಲ್ಲಿ ಟೈರ್‌ನ ಅಡಿ ಚಪ್ಪಟೆಯಾಗಿ ಸೆಟೆದಿರುವುದೇ ಕಾರಣ, ಓಡುತ್ತಾ ಸರಿಹೋಗುತ್ತದೆ. ಐದು ಹತ್ತು ನಿಮಿಷ ಎಕ್ಸಲರೇಟರ್ ಜೋರಾಗಿ ಒತ್ತಬೇಡಿ. ಮನೆ ಪಕ್ಕದಲ್ಲೇ ಹೈವೇ ಇದ್ದರೆ ಒಂದಿಷ್ಟು ಒಳರಸ್ತೆ ಸುತ್ತಿ ಹೈವೇ ಹತ್ತಿ.

ಫೋರ್ಟ್ ಮೆಕ್‌ಮರ‍್ರಿ ಕಡೆ ಕೆಲಸ ಸಿಕ್ಕವರು ಹೆಚ್ಚಾಗಿ ಡೀಸೆಲ್ ಟ್ರಕ್ ನೋಡುತ್ತೀರಿ. ಅದರ ಪಾಡು ಬೇರೆ. ಡಿಸೆಂಬರ್‌ನಲ್ಲಿ ಊರಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದಲ್ವಾ, ಡೀಸೆಲ್‌ನಲ್ಲಿರುವ ಮೇಣವೂ ಚಳಿಗೆ ಹಾಗೇ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತದೆ. ಚಳಿಗಾಲದಲ್ಲಿ ಇಲ್ಲಿನ ಬಂಕ್‌ಗಳಲ್ಲಿ ಅದಕ್ಕೆಂದೇ ಬೇರೆ ಹದದ ಡೀಸೆಲ್ ಕೊಡುತ್ತಾರೆ. ಸೆಪ್ಟೆಂಬರ್‌ನಲ್ಲಿ ತುಂಬಿಸಿದ ಡೀಸೆಲ್ ಟ್ಯಾಂಕ್‌ನಲ್ಲೇ ಇದ್ದರೆ ಚಳಿ ಬರುವ ಮೊದಲು ಓಡಿಸಿ ಖಾಲಿ ಮಾಡಿ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಮಾಡಬೇಡಿ, ಡ್ಯಾಶ್‌ಬೋರ್ಡ್‌ನಲ್ಲಿ ಸುರುಳಿಯಂಥ ದೀಪ ಆರುವವರೆಗೆ ಕಾಯಿರಿ. ಡೀಸೆಲ್ ಹೊಗೆ ಶುದ್ಧ ಮಾಡಲು ಹಾಕುವ ಡೆಫ್ ದ್ರವ ಮೈನಸ್ 11ಕ್ಕೇ ಹೆಪ್ಪುಗಟ್ಟುತ್ತದೆ, ಆದರೆ ಅದರ ಟ್ಯಾಂಕ್‌ಗೆ ಹೀಟರ್ ಇರುತ್ತದೆ, ಚಿಂತೆ ಬೇಡ. ಗಂಟೆಗಟ್ಟಲೆ ನಿಲ್ಲಿಸಿ ಓಡಿಸಿದರೆ ಮಾತ್ರ ಹೊಗೆ ಫಿಲ್ಟರ್‌ನಲ್ಲಿ ಮಸಿ ಕಟ್ಟುತ್ತದೆ, ಅದರ ರಿಪೇರಿ ದುಬಾರಿ. ಆ ದಾರಿಯ ಹೈವೇ 63ರಲ್ಲಿ ಬಂಕ್‌ಗಳ ನಡುವೆ ಬಹಳ ದೂರ ಇದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಹಿಂದೆ ಕಂಬಳಿ, ಸಲಿಕೆ ಇರಲಿ.

ಜೀವಕ್ಕೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಗರಾಜ್ ಒಳಗೆ ಎಂಜಿನ್ ಓಡಿಸಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗರಾಜ್‌ನಿಂದ ಅದು ಮನೆಯೊಳಗೆ ನುಗ್ಗುತ್ತದೆ. ರಿಮೋಟ್ ಸ್ಟಾರ್ಟರ್ ಇದ್ದವರು ಗರಾಜ್‌ನಲ್ಲಿ ನಿಂತ ಗಾಡಿಯ ಬಟನ್ ಒತ್ತದಂತೆ ಮಕ್ಕಳಿಗೂ ಹೇಳಿ. ಹಿಮ ಬಿದ್ದಿದ್ದರೆ ಸೈಲೆನ್ಸರ್ ಬಾಯಿ ಮೊದಲು ಬಿಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಊರಿಂದ ಬಂದ ಅಪ್ಪ ಅಮ್ಮ ಬೆಚ್ಚಗಿರಲಿ ಅಂತ ಅವರನ್ನು ಓಡುತ್ತಿರುವ ಗಾಡಿಯೊಳಗೆ ಕೂರಿಸಿ ಹಿಮ ಗುಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕೀ ಗಾಡಿಯಲ್ಲೇ ಬಿಟ್ಟು, ಎಂಜಿನ್ ಓಡುತ್ತಿರುವಾಗ ಮನೆಯೊಳಗೆ ಹೋಗುವುದೂ ಬೇಡ. ಇಂಥ ಗಾಡಿಗಳನ್ನು ಹುಡುಕಿಕೊಂಡೇ ಕಳ್ಳರು ಬೆಳಗ್ಗೆ ಓಡಾಡುತ್ತಾರೆ. ಕ್ಯಾಲ್ಗರಿ ಪೊಲೀಸರು ಚಳಿಗಾಲದಲ್ಲಿ "ಆಪರೇಶನ್ ಕೋಲ್ಡ್ ಸ್ಟಾರ್ಟ್" ಅಂತ ಇದರ ಬಗ್ಗೆಯೇ ಎಚ್ಚರಿಕೆ ಕೊಡುತ್ತಾರೆ.

ಇಷ್ಟೆಲ್ಲಾ ಮಾಡಿಯೂ ಒಂದು ಬೆಳಗ್ಗೆ ಸ್ಟಾರ್ಟ್ ಆಗದೆ ಹೋಗಬಹುದು. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಕೀ ತಿರುಗಿಸಬೇಡಿ, ಸ್ಟಾರ್ಟರ್ ಸುಟ್ಟುಹೋಗುತ್ತದೆ. ಪ್ಲಗ್ ಹಾಕಿ ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಬ್ಯಾಟರಿ ಹೋಗಿದ್ದರೆ ಪಕ್ಕದ ಮನೆಯವರನ್ನು ಕೇಳಲು ಸಂಕೋಚ ಬೇಡ. ಇಲ್ಲಿ ಬೂಸ್ಟರ್ ಕೇಬಲ್ ಹಿಡಿದು ಬರದವರನ್ನು ನಾನು ಇನ್ನೂ ನೋಡಿಲ್ಲ.