ಚೇಣಿಗೆ ಕೊಡಲೋ, ನಾನೇ ಕೊನೆ ತೆಗೆಸಲೋ?

“ಅಪ್ಪಯ್ಯನಿಗೆ ಏನೂ ಹೇಳಬೇಡಿ ಸಿಸ್ಟರ್” ಎಂದು ಮಗ ವಾರ್ಡಿನ ಬಾಗಿಲಲ್ಲೇ ನನ್ನಿಂದ ಭಾಷೆ ತೆಗೆದುಕೊಂಡಿದ್ದ. ಅಪ್ಪಯ್ಯ ಎಂದರೆ ಗೌಡರು, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಕವಳ, ಅಂದರೆ ಎಲೆ-ಅಡಿಕೆ, ಒತ್ತಿಟ್ಟುಕೊಳ್ಳುತ್ತಿದ್ದ ಕೆನ್ನೆಯಲ್ಲೇ ಹುಣ್ಣೆದ್ದು ಚರ್ಮ ಒಡೆದಿತ್ತು. ನಮ್ಮ ಕಡೆ ಕ್ಯಾನ್ಸರ್ ಎಂಬ ಮಾತನ್ನೇ ಎತ್ತುವುದಿಲ್ಲ, ‘ಗಡ್ಡೆ’ ಎಂದು ಮುಗಿಸುತ್ತಾರೆ. ಶಿವಮೊಗ್ಗದ ಈ ವಾರ್ಡಿಗೆ ಬಂದ ಮೇಲೆ ನಾನೂ ಅದನ್ನೇ ರೂಢಿಸಿಕೊಂಡಿದ್ದೆ.

ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲು ಮಾರ್ಫಿನ್ ಕೊಡುತ್ತಿದ್ದೆ. ಹಳೆಯ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿಯೇ ಬಿಡಿಸಬೇಕು, ಒಣಗಿದ್ದನ್ನು ಎಳೆದರೆ ರಕ್ತ. ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸುತ್ತಾ ಬಂದ ಮೇಲೆ ವಾಸನೆ ತಗ್ಗಿತು, ಮೊಮ್ಮಗಳು ಹತ್ತಿರ ಕುಳಿತಳು. ಅದೇ ದಿನ ಅವರು ತೊದಲುತ್ತಾ ಕೇಳಿದರು: “ಈ ವರ್ಷ ತೋಟ ಚೇಣಿಗೆ ಕೊಡಲೋ, ನಾನೇ ನಿಂತು ಕೊನೆ ತೆಗೆಸಲೋ?” ಚೇಣಿ ಎಂದರೆ ಮರದ ಮೇಲಿನ ಫಸಲನ್ನು ಗುತ್ತಿಗೆಗೆ ಬಿಡುವುದು, ಕೊನೆ ಎಂದರೆ ಅಡಿಕೆ ಗೊನೆ.

“ಹುಷಾರಾಗಿ ನೀವೇ ತೆಗೆಸುತ್ತೀರಿ ಗೌಡರೇ” ಎಂದುಬಿಟ್ಟೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ರಾತ್ರಿ, ಎಂದೋ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಜರ್ಮನ್ ತತ್ವಜ್ಞಾನಿ ಕಾಂಟ್ ನೆನಪಾದ. ಗೆಳೆಯನನ್ನು ಕೊಲ್ಲಲು ಹುಡುಕಿ ಬಂದವನಿಗೂ ಸುಳ್ಳು ಹೇಳಬಾರದೆಂದು 1797ರಲ್ಲಿ ಬರೆದವನು. ಅದು ಅತಿ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂಬ ಅವನ ಮಾತು ಚುಚ್ಚಿತು. ಆ ಹೊತ್ತು ದಾಟಿದರೆ ಸಾಕೆಂದು ನಾನು ಗೌಡರ ನಂಬಿಕೆಯನ್ನು ಬಳಸಿಕೊಂಡಿದ್ದೆ. ಫಸಲಿನ ತೀರ್ಮಾನವನ್ನೂ ಅವರ ಕೈಯಿಂದ ಕಿತ್ತುಕೊಂಡಿದ್ದೆ.

ಹೇಗೆ ಹೇಳುವುದು ಎಂಬಲ್ಲಿ ಮಾತ್ರ ಕಾಂಟ್ ಕೈಕೊಡುತ್ತಾನೆ. ಅಲ್ಲಿಗೆ ಅರಿಸ್ಟಾಟಲನೇ ಬೇಕು: ತಕ್ಕ ಹೊತ್ತು, ತಕ್ಕ ವ್ಯಕ್ತಿ, ತಕ್ಕ ರೀತಿ. ರೋಗ ತಿಳಿಸುವುದು ಡಾಕ್ಟರ ಕೆಲಸ, ನಾನೊಬ್ಬಳೇ ಬಾಯಿ ಹಾಕುವಂತಿಲ್ಲ. ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು, “ಅಪ್ಪಯ್ಯ ಚೇಣಿಯ ವಿಷಯ ಕೇಳುತ್ತಿದ್ದಾರೆ, ನೀವೇನು ಹೇಳುತ್ತೀರಿ?” ಎಂದೆ. ಅವನು ಬಹಳ ಹೊತ್ತು ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತ. ಕೊನೆಗೆ, “ಡಾಕ್ಟರೇ ಹೇಳಲಿ, ನಾನೂ ಇರುತ್ತೇನೆ” ಎಂದ.

ಡಾಕ್ಟರು ಮೊದಲು ಕೇಳಿದ್ದು, “ನಿಮಗೇನಾಗಿದೆ ಎಂದು ಅನ್ನಿಸುತ್ತದೆ?” ಅಂದು ಗೌಡರಿಗೆ ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದರು: “ಗೊತ್ತು. ಎಷ್ಟು ದಿನ?” ವಾರಗಳ ಲೆಕ್ಕ ಎಂದರು ಡಾಕ್ಟರು. ಮಗ ಅತ್ತುಬಿಟ್ಟ. ಗೌಡರು ಪೆನ್ನು ಕೆಳಗಿಡದೆ, ಅದೇ ಹಾಳೆಯಲ್ಲಿ ಚೇಣಿದಾರನ ಹೆಸರು ಬರೆದು, ಮುಂಗಡದ ಮೊತ್ತ ಬರೆದು, ಅದರಡಿ ಎರಡು ಗೆರೆ ಎಳೆದರು.