ಮೈಸೂರಿನಿಂದ ಅಹಮದಾಬಾದಿಗೆ: ಎರಡು ದಿನದಲ್ಲಿ ಏನು, ಯಾವ ಹೊತ್ತಿಗೆ ನೋಡಬೇಕು

ಟಿಕೆಟ್ ತೆಗೆಸುವ ಮುಂಚೆ ಕ್ಯಾಲೆಂಡರ್ ನೋಡಿ. ಶನಿವಾರ, ಭಾನುವಾರ ಸೇರಿಸಿಕೊಂಡು ಹೊರಡುವುದು ನಮ್ಮವರ ಅಭ್ಯಾಸ. ಅಹಮದಾಬಾದಿನಲ್ಲಿ ಕೆಲಸ ಕೆಡುವುದೇ ಅಲ್ಲಿ. ನೋಡಬೇಕಾದ ಆಧುನಿಕ ವಾಸ್ತುಶಿಲ್ಪದ ಕಟ್ಟಡಗಳಲ್ಲಿ ಕೆಲವು ಇಂದಿಗೂ ಕಚೇರಿ, ಕಾಲೇಜುಗಳು. ನೆಲದಡಿಯ ಚಿತ್ರಶಾಲೆಯಾದ ಗುಫಾಕ್ಕೆ ಸೋಮವಾರ ರಜೆ. ಮಂಗಳವಾರದಿಂದ ಶುಕ್ರವಾರದೊಳಗೆ ಎರಡು ದಿನ ಹೊಂದಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಹಿತ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಸಂಕ್ರಾಂತಿಯ ಹೊತ್ತಿಗೆ ಗಾಳಿಪಟದ ಹಬ್ಬ, ರೂಮು ಸಿಗುವುದು ಕಷ್ಟ.

ಮೈಸೂರು–ಅಜ್ಮೀರ್ ಎಕ್ಸ್‌ಪ್ರೆಸ್ ಆ ದಾರಿಯಲ್ಲೇ ಹೋಗುತ್ತದೆ, ಆದರೆ ದಿನಾ ಇಲ್ಲ. ಇಳಿಯುವ ನಿಲ್ದಾಣ ಅಹಮದಾಬಾದ್ ಜಂಕ್ಷನ್ನೋ ಸಾಬರಮತಿಯೋ ಎಂದು ಟಿಕೆಟಿನಲ್ಲಿ ನೋಡಿಕೊಳ್ಳಿ, ಎರಡೂ ಬೇರೆ ಬೇರೆ. ಅಷ್ಟು ಪುರುಸೊತ್ತಿಲ್ಲದವರಿಗೆ ಬೆಂಗಳೂರಿನಿಂದ ವಿಮಾನವಿದೆ. ರೂಮು ಆಶ್ರಮ ರಸ್ತೆಯ ಆಸುಪಾಸಿನಲ್ಲಿರಲಿ. ನದಿಯೂ ಹತ್ತಿರ, ಮೆಟ್ರೊವೂ ಹತ್ತಿರ.

ಮೊದಲ ದಿನ ಬೆಳಿಗ್ಗೆ ಸಾಬರಮತಿ ಆಶ್ರಮ. ಗಾಂಧಿಯವರ ಕೋಣೆ ನೋಡಿ ಅಲ್ಲಿಂದಲೇ ವಾಪಸಾಗುವವರು ಬಹಳ. ಪಕ್ಕದ ವಸ್ತುಸಂಗ್ರಹಾಲಯ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ, 1963ರಲ್ಲಿ ತೆರೆದದ್ದು. ಆರಾರು ಮೀಟರಿನ ಚೌಕಗಳು, ಇಟ್ಟಿಗೆ ಕಂಬ, ಹೆಂಚಿನ ಮಾಡು, ನಡುವೆ ನೀರಿನ ಕೊಳ. ನಮ್ಮ ತೊಟ್ಟಿಮನೆಯನ್ನು ಬಿಡಿಸಿ ಹರಡಿದ ಹಾಗಿದೆ. ತಲೆಯೆತ್ತಿ ನೋಡಿ: ಮಾಡನ್ನು ಹೊತ್ತ ಕಾಂಕ್ರೀಟ್ ತೊಲೆಗಳೇ ಮಳೆನೀರು ಸಾಗಿಸುವ ದೋಣಿಗಳೂ ಹೌದು. ಕಿಟಕಿಗಳಿಗೆ ಗಾಜಿಲ್ಲ, ಮರದ ಪಟ್ಟಿಗಳಷ್ಟೆ.

ಮಧ್ಯಾಹ್ನ ಮೂರರ ಮೇಲೆ, ಅದಕ್ಕೂ ಮುಂಚೆ ಬೇಡ, ಆಶ್ರಮ ರಸ್ತೆಯ ಬಟ್ಟೆ ಗಿರಣಿ ಮಾಲೀಕರ ಸಂಘದ ಕಟ್ಟಡಕ್ಕೆ ಹೋಗಿ. ಫ್ರಾನ್ಸಿನ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ವಿನ್ಯಾಸ, 1954. ಅರಮನೆ ನೋಡಿ ಬೆಳೆದ ಕಣ್ಣಿಗೆ ಮೊದಲು ‘ಪ್ಲಾಸ್ಟರಿಂಗ್ ಇನ್ನೂ ಬಾಕಿಯೇನೋ’ ಅನ್ನಿಸುವುದು ಸಹಜ. ಗೋಡೆಯ ಮೇಲೆ ಸೆಂಟ್ರಿಂಗ್ ಹಲಗೆಯ ಗುರುತನ್ನು ಬೇಕೆಂದೇ ಉಳಿಸಿದ್ದಾರೆ. ರಸ್ತೆಯ ಕಡೆ ಪಶ್ಚಿಮ. ಅಲ್ಲಿನ ಕಾಂಕ್ರೀಟ್ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿರುವುದರಿಂದ ಇಳಿಬಿಸಿಲು ಒಳಗೆ ನುಗ್ಗುವುದಿಲ್ಲ. ನದಿಯ ಕಡೆ, ಅಂದರೆ ಪೂರ್ವಕ್ಕೆ, ಅವೇ ಹಲಗೆಗಳು ನೆಟ್ಟಗಿವೆ, ಗಾಳಿಗೆ ದಾರಿ ಬಿಟ್ಟು. ಉತ್ತರ, ದಕ್ಷಿಣಕ್ಕೆ ಹೆಚ್ಚುಕಡಿಮೆ ಬರೀ ಇಟ್ಟಿಗೆ ಗೋಡೆ. ಬೆಳಿಗ್ಗೆ ಹೋದರೆ ಈ ಲೆಕ್ಕಾಚಾರ ಕಣ್ಣಿಗೆ ಬೀಳುವುದೇ ಇಲ್ಲ. ಇಳಿಜಾರು ಹಾದಿಯಿಂದ ಮೇಲೆ ಹೋಗುವ ಮುನ್ನ ಕಚೇರಿಯಲ್ಲಿ ಒಂದು ಮಾತು ಕೇಳಿ.

ಸಂಜೆ ನದಿದಂಡೆಯ ನಡೆದಾರಿ, ಆಮೇಲೆ 2022ರ ಅಟಲ್ ಸೇತುವೆ. ನಡೆಯುವವರಿಗಷ್ಟೇ ಇರುವ, ಗಾಳಿಪಟದ ಬಣ್ಣ ಹೊತ್ತ ಸೇತುವೆ, ಟಿಕೆಟ್ ಇದೆ. ಕಾವೇರಿಯ ಹರಿವು ನಿರೀಕ್ಷಿಸಬೇಡಿ. ಇಲ್ಲಿ ಕಾಣುವುದು ಬಹುಪಾಲು ನರ್ಮದಾ ನಾಲೆಯಿಂದ ಬಂದು, ವಾಸಣಾ ಬ್ಯಾರೇಜಿನ ಹಿಂದೆ ನಿಂತ ನೀರು.

ಎರಡನೆಯ ದಿನದ ಬೆಳಗು ಐಐಎಂಗೆ, ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರ ಇಟ್ಟಿಗೆ ಕಟ್ಟಡಗಳಿಗೆ. ಗೇಟಿನಲ್ಲಿ ಹೋಗಿ ಕೇಳಿದರೆ ಒಳಗೆ ಬಿಡುತ್ತಾರೆಂದು ನಂಬಬೇಡಿ. ಊರು ಬಿಡುವ ಮೊದಲೇ ಇಮೇಲ್ ಬರೆದು ಅನುಮತಿ ಪಡೆಯಿರಿ. ಕಮಾನುಗಳ ಕೆಳಗಿನ ಅಡ್ಡ ಕಾಂಕ್ರೀಟ್ ಪಟ್ಟಿ ಅಲಂಕಾರಕ್ಕಲ್ಲ: ಕಮಾನಿನ ಕಾಲುಗಳು ಹೊರಕ್ಕೆ ಜಾರದಂತೆ ಹಿಡಿದಿರುವುದು ಅದೇ. ಕಾನ್ ಅವರನ್ನು ಇಲ್ಲಿಗೆ ಕರೆತಂದವರಲ್ಲಿ ಒಬ್ಬರಾದ ವಾಸ್ತುಶಿಲ್ಪಿ ಬಿ.ವಿ. ದೋಶಿಯವರೇ ಬನ್ನೇರುಘಟ್ಟ ರಸ್ತೆಯ ಐಐಎಂ ವಿನ್ಯಾಸಗೊಳಿಸಿದವರು.

ಎಂ.ಎಫ್. ಹುಸೇನರ ಚಿತ್ರಗಳಿರುವ ದೋಶಿಯವರ ಗುಫಾ ತೆರೆಯುವುದು ಸಂಜೆ ನಾಲ್ಕಕ್ಕೆ. ಹೊರಗೆ ಒಡೆದ ಪಿಂಗಾಣಿ ಚೂರು ಹೊದ್ದ ಗುಮ್ಮಟಗಳು, ಒಳಗೆ ಓರೆ ಕಂಬ, ಏರುತಗ್ಗಿನ ನೆಲ. ಮಂಡಿನೋವಿನ ಹಿರಿಯರಿದ್ದರೆ ಕೈಹಿಡಿದು ಇಳಿಸಿ.

ಊಟದ ವಿಷಯ: ಅಲ್ಲಿನ ದಾಲ್‌ಗೆ ಬೆಲ್ಲ ಬೀಳುತ್ತದೆ. ಸಾರು ಬೇಕೇ ಬೇಕು ಅನ್ನುವವರು ಒಂದು ಪೊಟ್ಟಣ ಪುಳಿಯೋಗರೆ ಗೊಜ್ಜು ಇಟ್ಟುಕೊಂಡೇ ಹೊರಡುವುದು ಒಳ್ಳೆಯದು.