ಡಿಸೆಬಿಲಿಟಿ ಪಿಂಚಣಿ ತಿರಸ್ಕಾರವಾದರೆ ಅಪೀಲು ಬರೆಯುವ ಬಗೆ

‘ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.’ ಸೇವೆಯಿಂದ ಬಂದ ಕಾಯಿಲೆ, ಗಾಯಕ್ಕೆ ಸೈನಿಕರಿಗೆ ಸಿಗುವ ಡಿಸೆಬಿಲಿಟಿ ಪಿಂಚಣಿ ಕೇಳಿದ್ದಕ್ಕೆ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನಿಂದ ಇಂಥ ಕಾಗದ ಬಂತಾ? ಅದು ಕೈಗೆ ಸಿಕ್ಕಿದ ತಾರೀಖನ್ನು ಮೊದಲು ಮೇಲೆ ಬರೆದಿಡಿ, ಲಕೋಟೆಯನ್ನೂ ಎಸೆಯಬೇಡಿ. ಮೊದಲ ಅಪೀಲಿಗೆ ಆರು ತಿಂಗಳ ಗಡುವಿದೆ.

ನಾನು ಪಲ್ಟನ್ನಿನಲ್ಲಿ ಕ್ಲರ್ಕ್ ಆಗಿದ್ದವನು. ಈಗ ನಮ್ಮ ಕಡೆಯ ಮಾಜಿ ಸೈನಿಕರು ಬರೆದು ತರುವ ಅಪೀಲುಗಳನ್ನು ತಿದ್ದಿಕೊಡುತ್ತೇನೆ. ಜಾಸ್ತಿ ಜನ ಮನೆ ಸಾಲ, ಮಗಳ ಮದುವೆ, ದೇಶಸೇವೆ ಅಂತಲೇ ಎರಡು ಪುಟ ತುಂಬಿಸಿರುತ್ತಾರೆ. ಕಷ್ಟ ನಿಜ, ಆದರೆ ಅಪೀಲು ನೋಡುವ ಕಮಿಟಿಗೆ ಬೇಕಾದದ್ದು ಅದಲ್ಲ. ಸೇವೆ ಬಿಡುವಾಗ ನಿಮ್ಮನ್ನು ತಪಾಸಣೆ ಮಾಡಿದ ಮೆಡಿಕಲ್ ಬೋರ್ಡ್ ಕೊಟ್ಟ ಕಾರಣಕ್ಕೆ ನಿಮ್ಮ ಉತ್ತರ ಏನು? ಅಷ್ಟೇ.

ಹಾಗಾಗಿ ಬೋರ್ಡಿನ ವರದಿಯ ಪೂರ್ತಿ ಪ್ರತಿ, ಅಂದರೆ ಎಎಫ್‌ಎಂಎಸ್‌ಎಫ್-16, ಕೈಯಲ್ಲಿರಬೇಕು. ಇಲ್ಲದಿದ್ದರೆ ರೆಕಾರ್ಡ್ಸ್‌ಗೆ ಆರ್‌ಟಿಐ ಹಾಕಿ. ಭರ್ತಿಯಾದಾಗಿನ ಮೆಡಿಕಲ್ ಫಾರಂ ಕೂಡ ಕೇಳಿ. ಅದರಲ್ಲಿ ಕಾಯಿಲೆಯ ಸುದ್ದಿಯೇ ಇಲ್ಲದಿದ್ದರೆ ನಿಮಗೆ ಒಳ್ಳೆಯ ಬಲ. ಧರ್ಮವೀರ್ ಸಿಂಗ್ ಎಂಬ ಸಿಪಾಯಿಯ ಮೂರ್ಛೆ ರೋಗದ ಪ್ರಕರಣದಲ್ಲಿ, 2013ರಲ್ಲಿ, ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು ಪಿಂಚಣಿ ಕೊಡಿಸಿತು. ಒಂದು ಎಚ್ಚರ: 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮ. ಅವರು ಇದೊಂದನ್ನೇ ನೆಚ್ಚಿಕೊಂಡು ಕೂರಬಾರದು.

ಒಬ್ಬ ಹವಾಲ್ದಾರರದು ಬಿಪಿ ಕೇಸು. ‘ಪೀಸ್ ಸ್ಟೇಷನ್ನಿನಲ್ಲಿ ಶುರುವಾದದ್ದು’, ಅಂದರೆ ಯುದ್ಧದ ಒತ್ತಡವಿಲ್ಲದ ಶಾಂತ ಠಾಣೆಯಲ್ಲಿ, ಅಂತ ಬೋರ್ಡ್ ಒಂದೇ ಸಾಲು ಗೀಚಿತ್ತು. ಪೋಸ್ಟಿಂಗ್ ಪಟ್ಟಿ ತೆಗೆದು ನೋಡಿದರೆ, ಮನುಷ್ಯ ಸಿಯಾಚಿನ್‌ನಿಂದ ಇಳಿದು ಕೆಲವೇ ತಿಂಗಳಾಗಿತ್ತು! ಯೂನಿಟ್, ಜಾಗ, ಎಲ್ಲಿಂದ ಎಲ್ಲಿವರೆಗೆ, ಯಾವ ಆಸ್ಪತ್ರೆಯಲ್ಲಿ ಯಾವಾಗ ದಾಖಲು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಗೆರೆ ಎಳೆದು ಬರೆದೆವು. ಅಪೀಲಿನ ಜೀವ ಆ ಹಾಳೆ. ನೀವೂ ಹಾಗೇ ಮಾಡಿ.

ಬೋರ್ಡ್ ಬರೆದ ಅಂಗವೈಕಲ್ಯದ ಶೇಕಡಾವಾರು ಕೂಡ ನೋಡಿ. ಅವಧಿ ಮುಗಿಸಿ ನಿವೃತ್ತರಾದವರಿಗೆ ಕನಿಷ್ಠ 20 ಬೇಕು. 15 ಅಂತ ಬರೆದಿದ್ದರೆ ಅದನ್ನೂ ಬೇರೆಯಾಗಿ ಪ್ರಶ್ನಿಸಿ. 20 ಅಥವಾ ಹೆಚ್ಚಿದ್ದು 50ಕ್ಕಿಂತ ಕಡಿಮೆಯಿದ್ದರೆ ಅದನ್ನು 50ಕ್ಕೆ ಏರಿಸಿ ಲೆಕ್ಕ ಹಾಕಬೇಕು ಅಂತ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2014ರ ತೀರ್ಪಿದೆ. ಆ ಕೋರಿಕೆಯನ್ನೂ ಈಗಲೇ ಸೇರಿಸಿ.

ಸ್ಪೀಡ್ ಪೋಸ್ಟಿನಲ್ಲಿ ರೆಕಾರ್ಡ್ಸ್‌ಗೆ ಕಳಿಸಿ, ರಸೀದಿ ಜೋಪಾನ. ಮೊದಲ ಅಪೀಲು ಬಿದ್ದರೆ ಎರಡನೆಯದಕ್ಕೂ ಆರು ತಿಂಗಳು. ಅದೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಅಲ್ಲಿಯೂ ಕೊನೆಯ ಆದೇಶದಿಂದ ಆರೇ ತಿಂಗಳು. ಮೀರಿದ್ದರೆ ಸುಮ್ನೆ ಕೈಚೆಲ್ಲಬೇಡಿ, ತಡವಾದದ್ದಕ್ಕೆ ಕಾರಣ ಕೊಟ್ಟು ಮನ್ನಾ ಕೋರುವ ಅರ್ಜಿಯನ್ನು ಜೊತೆಗಿಡಿ.